ಪ್ಯಾಟಿಯೊ ಮಳೆನೀರಿಗೆ ಚಾನೆಲ್ ಡ್ರೈನ್ ಕಿಟ್: ಸಾಮಾನು ಪರವಾಗಿಲ್ಲ, ಆದ್ರೆ ಬಾಕ್ಸ್‌ನಲ್ಲಿ ಬರೋದು ಅರ್ಧ ಕೆಲಸ

ಚಾನೆಲ್ ಡ್ರೈನ್ ಅಂದ್ರೆ ನೆಲದ ಮಟ್ಟಕ್ಕೆ ಹೂತಿಡೋ, ಮೇಲೆ ಜಾಲರಿ ಇರೋ ಉದ್ದನೆ ಸಣ್ಣ ಕಾಲುವೆ. ಮೊದಲೇ ಹೇಳ್ಬಿಡ್ತೀನಿ, ಐದರಲ್ಲಿ ಮೂರೂವರೆ ಸ್ಟಾರ್. ಸಾಮಾನಿನ ಕ್ವಾಲಿಟಿ ಮಾತ್ರ ನೋಡಿದ್ರೆ ನಾಲ್ಕೂವರೆ ಕೊಡ್ಬಹುದಿತ್ತು. ಆದ್ರೆ ಬಾಕ್ಸ್ ಮೇಲಿನ ಫೋಟೋದಲ್ಲಿ ಮಳೆನೀರು ಜಾಲರಿ ಒಳಗೆ ಸರಸರ ಅಂತ ಇಳಿದು ಮಾಯ ಆಗ್ತಿದೆ, ಮಾಯ ಆದ ನೀರು ಆಮೇಲೆ ಎಲ್ಲಿಗೆ ಹೋಗ್ಬೇಕು ಅನ್ನೋದು ಬಾಕ್ಸ್ ಮೇಲೂ ಇಲ್ಲ, ಒಳಗಿಟ್ಟಿರೋ ಹಾಳೇಲೂ ಇಲ್ಲ. ಇಡೀ ಕೆಲಸದಲ್ಲಿ ಕಷ್ಟ ಇರೋದೇ ಅಲ್ಲಿ. ಈ ಕಿಟ್ ನೀರನ್ನ ಹಿಡಿಯುತ್ತೆ ಅಷ್ಟೇ, ನೀರು ಅದರ ತನಕ ಬರೋ ಹಾಗೆ ಮಾಡೋದು, ಬಂದಿದ್ದನ್ನ ಆಚೆ ಕಳಿಸೋದು ಎರಡೂ ನಮ್ಮ ತಲೆ ಮೇಲೇ.

ನಮ್ಮದು ಸಣ್ಣ ಗಾರ್ಡನ್, ಮನೆ ಹಿಂಬಾಗಿಲಿಂದ ಕಾಲಿಟ್ರೆ ಕಲ್ಲು ಹಾಸಿರೋ ಪ್ಯಾಟಿಯೊ, 4 ಮೀಟರ್ ಉದ್ದ 3 ಮೀಟರ್ ಅಗಲ, ಅದರಾಚೆ ಒಂದಿಷ್ಟು ಮಣ್ಣು, ಗಿಡ, ಕಾಂಪೌಂಡ್. ಮಳೆ ಜೋರಾದ್ರೆ ಬಾಗಿಲ ಹತ್ರನೇ ನೀರು ನಿಲ್ತಿತ್ತು. ನಿಂತ ನೀರು ಒಣಗಿ ಹೋಗುತ್ತೆ ಬಿಡಿ ಅಂತ ಸುಮ್ಮನಿರೋ ವಿಷಯ ಅಲ್ಲ ಇದು, ಯಾಕಂದ್ರೆ ಪಾಚಿ ಕಟ್ಟಿ ಕಾಲು ಜಾರುತ್ತೆ, ಕಲ್ಲಿನ ಕೆಳಗಿರೋ ಮರಳು ನಿಧಾನಕ್ಕೆ ತೊಳೆದು ಹೋಗಿ ಕಲ್ಲು ಅಲ್ಲಲ್ಲಿ ಕುಸಿಯುತ್ತೆ, ಕುಸಿದ ಕಡೆ ಇನ್ನಷ್ಟು ನೀರು ನಿಲ್ಲುತ್ತೆ, ಗೋಡೆ ಬುಡಕ್ಕೆ ತೇವ ಏರುತ್ತೆ. ಗೋಡೆ ಒಳಗೆ ತೇವ ಮೇಲೇರದ ಹಾಗೆ ಹಾಕಿರ್ತಾರಲ್ಲ ಡಿಪಿಸಿ ಪದರ, ಅದಕ್ಕಿಂತ ಪ್ಯಾಟಿಯೊ ಮೇಲ್ಮೈ ಕನಿಷ್ಠ 15 ಸೆಂ.ಮೀ. ಕೆಳಗಿರ್ಬೇಕು ಅನ್ನೋದು ವಾಡಿಕೆ ಲೆಕ್ಕ. ಹಳೇ ಕಲ್ಲಿನ ಮೇಲೇ ಹೊಸ ಕಲ್ಲು ಹಾಕ್ಸಿ ಆ ಅಂತರ ತಿಂದು ಹಾಕಿರೋ ಮನೆಗಳನ್ನ ಬೇಕಾದಷ್ಟು ನೋಡಿದೀನಿ, ಅಂಥ ಕಡೆ ಯಾವ ಕಿಟ್ ಹಾಕಿದ್ರೂ ಗೋಡೆ ತೇವ ಪೂರ್ತಿ ಬಿಡಲ್ಲ.

ಬಾಕ್ಸ್‌ನಲ್ಲಿ ಬಂದಿದ್ದು ಇಷ್ಟು: ಒಂದೊಂದು ಮೀಟರಿನ ಮೂರು ಪ್ಲಾಸ್ಟಿಕ್ ಚಾನೆಲ್, ಅದರ ಮೇಲೆ ಕೂರೋ ಗ್ಯಾಲ್ವನೈಸ್ಡ್ ಸ್ಟೀಲ್ ಜಾಲರಿ ಮೂರು, ಎರಡು ಎಂಡ್ ಕ್ಯಾಪ್, 110 ಮಿ.ಮೀ. ಪೈಪಿಗೆ ಹೊಂದೋ ಒಂದು ಔಟ್‌ಲೆಟ್, ಹೂಳು ಹಿಡಿಯೋಕೆ ಒಂದು ಸಣ್ಣ ಸಂಪ್ ಡಬ್ಬ, ಅದರೊಳಗೆ ಎತ್ತಿ ತೆಗೆಯೋ ಬಕೆಟ್. ಚಾನೆಲ್ ಪಾಲಿಪ್ರೊಪಿಲೀನು, ಹೊರಗಡೆ ಗೋಡೆ ಮೇಲೆ ಪಕ್ಕೆಲುಬಿನ ಥರ ಅಡ್ಡ ಪಟ್ಟಿಗಳಿವೆ, ಅವೇ ಕಾಂಕ್ರೀಟನ್ನ ಕಚ್ಚಿ ಹಿಡಿಯೋದು, ಈ ಕಿಟ್‌ನಲ್ಲಿ ಅವು ಒಳ್ಳೇ ದಪ್ಪಕ್ಕಿವೆ, ಅದು ನನಗೆ ಇಷ್ಟ ಆಯ್ತು. ಕಮ್ಮಿ ರೇಟಿನ ಕಿಟ್‌ಗಳಲ್ಲಿ ಈ ಪಟ್ಟಿ ಹೆಸರಿಗೆ ಮಾತ್ರ ಇರುತ್ತೆ, ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗಿದಾಗ ಚಾನೆಲ್ ಕಾಂಕ್ರೀಟ್ ಬಿಟ್ಟು ಎದ್ದೇಳುತ್ತೆ. ಸುಮ್ಮನೆ ಹೇಳ್ತಿಲ್ಲ, ಬಿಡಿಯಾಗಿ ಬಿದ್ದಿರೋ 3 ಮೀಟರ್ ಪಾಲಿಪ್ರೊಪಿಲೀನ್ ತುಂಡು 30 ಡಿಗ್ರಿ ಬಿಸಿ ಏರಿದ್ರೆ ಸುಮಾರು 1 ಸೆಂ.ಮೀ. ಉದ್ದ ಆಗುತ್ತೆ.

ಜಾಲರಿ ಬಗ್ಗೆ ಎರಡು ಮಾತು. ಸೀಳುಗಳು ಸಣ್ಣಕ್ಕಿವೆ, ಬರಿಗಾಲಲ್ಲಿ ನಡೆದ್ರೂ ಚುಚ್ಚಲ್ಲ, ಕುರ್ಚಿ ಕಾಲು ಸಿಕ್ಕಿಹಾಕಿಕೊಳ್ಳಲ್ಲ. ಆದ್ರೆ ಲಾಕ್ ಅಂತ ಕೊಟ್ಟಿರೋದು ಎರಡು ಪ್ಲಾಸ್ಟಿಕ್ ಮೂತಿ, ಜಾಲರಿನ ಒತ್ತಿದ್ರೆ ಟಕ್ ಅಂತ ಕೂರುತ್ತೆ, ಕ್ಲೀನ್ ಮಾಡೋಕೆ ಎತ್ತಿ ಎತ್ತಿ ಆ ಮೂತಿ ಸವೆದ ಮೇಲೆ ತುಳಿದಾಗೆಲ್ಲ ತಟ್ಟೆ ನೆಲಕ್ಕೆ ಬಿದ್ದ ಹಾಗೆ ಸದ್ದು. ಸ್ಕ್ರೂ ಲಾಕ್ ಇರೋದು ಸಿಕ್ರೆ ಅದನ್ನೇ ತಗೊಳ್ಳಿ. ಲೋಡ್ ಕ್ಲಾಸ್ ಎ15 ಅಂತ ಅಚ್ಚು ಹಾಕಿದಾರೆ, ಅಂದ್ರೆ 15 ಕಿಲೋನ್ಯೂಟನ್, ಸುಮಾರು ಒಂದೂವರೆ ಟನ್ ಟೆಸ್ಟ್ ಲೋಡು, ಜನ ಓಡಾಡೋ ಜಾಗಕ್ಕೆ ಧಾರಾಳ ಆಯ್ತು. ಕಾರು ಹತ್ತೋ ಜಾಗಕ್ಕೆ ಇದನ್ನ ಹಾಕ್ಬೇಡಿ, ಅಲ್ಲಿಗೆ ಬಿ125 ಬೇಕು. ಒಂದೂವರೆ ಟನ್ ಅಂದ್ರೆ ಕಾರು ತಡೆಯುತ್ತಲ್ವಾ ಅಂತ ಕೇಳೋರು ಇರ್ತಾರೆ, ಟೆಸ್ಟ್‌ನಲ್ಲಿ ತೂಕ ನಿಧಾನಕ್ಕೆ ನೆಟ್ಟಗೆ ಮೇಲಿಂದ ಬೀಳೋದು, ಚಕ್ರ ತಿರುಗುತ್ತಾ ಬ್ರೇಕ್ ಹಾಕುತ್ತಾ ಪಕ್ಕಕ್ಕೆ ತಳ್ಳೋದು ಬೇರೆ ಲೆಕ್ಕ.

ಈಗ ವಾಟದ, ಅಂದ್ರೆ ನೆಲದ ಇಳಿಜಾರಿನ ವಿಷಯ. ಗಾರೆ ಕೆಲಸಕ್ಕೆ ಬಂದ ಮೇಸ್ತ್ರಿ ಬಾಕ್ಸ್ ನೋಡಿ, "ಮೇಡಂ, ಮೊದ್ಲು ವಾಟ ನೋಡೋಣ, ಬಾಕ್ಸ್ ಆಮೇಲೆ ಬಿಚ್ಚಿ" ಅಂದ್ರು. ಎರಡು ಗೂಟಕ್ಕೆ ದಾರ ಕಟ್ಟಿ, ರಸಮಟ್ಟ ಇಟ್ಟು, ದಾರದಿಂದ ಕಲ್ಲಿನ ತನಕ ಅಲ್ಲಲ್ಲಿ ಟೇಪ್ ಹಿಡಿದು ನೋಡಿದ್ರೆ ಕಲ್ಲು ಮಧ್ಯದಲ್ಲಿ ಹೊಂಡ ಬಿದ್ದು ಬಾಗಿಲ ಕಡೆಗೇ ಇಳಿದಿತ್ತು. ನೀರು ಸಲೀಸಾಗಿ ಹರೀಬೇಕಂದ್ರೆ ಪ್ಯಾಟಿಯೊಗೆ 80ಕ್ಕೆ 1ರಿಂದ 60ಕ್ಕೆ 1ರಷ್ಟು ವಾಟ ಬೇಕು, ಅಂದ್ರೆ ಮೀಟರಿಗೆ ಒಂದೂಕಾಲು ಸೆಂ.ಮೀ. ಇಂದ ಒಂದೂಮುಕ್ಕಾಲು ಸೆಂ.ಮೀ. ಹತ್ತಿರ, 3 ಮೀಟರ್ ಅಗಲಕ್ಕೆ ಒಟ್ಟು 4-5 ಸೆಂ.ಮೀ. ಇಳಿತ. ನಯವಾದ ಟೈಲ್ಸ್ ಆದ್ರೆ ಕಮ್ಮಿ ಸಾಕು, ಒರಟು ಕಲ್ಲು ಆದ್ರೆ ಜಾಸ್ತಿನೇ ಬೇಕು. ಇಷ್ಟು ಇಳಿತ ಕಣ್ಣಿಗೆ ಗೊತ್ತಾಗಲ್ಲ, ಟೇಬಲ್ ಅಲ್ಲಾಡಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತೆ.

ಇಲ್ಲಿ ಒಂದು ಪ್ರಾಮಾಣಿಕ ಮಾತು, ಕಿಟ್ ಮಾರೋರು ಇದನ್ನ ಹೇಳಲ್ಲ. ನಿಮ್ಮ ಪ್ಯಾಟಿಯೊ ವಾಟ ಗೋಡೆಯಿಂದ ಆಚೆಗಿದ್ದು ಆ ಕಡೆ ಮಣ್ಣು, ಹುಲ್ಲು, ಗಿಡ ಇದ್ರೆ ಈ ಚಾನೆಲ್ಲೇ ಬೇಡ, ನೀರು ಅಂಚಿಂದ ಇಳಿದು ಗಿಡದ ಬುಡಕ್ಕೆ ಹೋಗುತ್ತೆ, ಖರ್ಚಿಲ್ಲ, ಕ್ಲೀನಿಂಗ್ ಇಲ್ಲ. ಚಾನೆಲ್ ಬೇಕಾಗೋದು ಮೂರು ಕಡೆ ಗೋಡೆ ಇದ್ದಾಗ, ಇಲ್ಲಾ ವಾಟ ಮನೆ ಕಡೆಗೇ ಇದ್ದು ಕಲ್ಲು ಪೂರ್ತಿ ಕಿತ್ತು ಹಾಕೋಕೆ ಮನಸ್ಸಿಲ್ದಾಗ, ಇಲ್ಲಾ ಬಾಗಿಲ ಹೊಸ್ತಿಲು ಪ್ಯಾಟಿಯೊ ಮಟ್ಟದಲ್ಲೇ ಇದ್ದಾಗ. ನಮ್ಮದು ಎರಡನೇದು ಮೂರನೇದು ಎರಡೂ ಸೇರಿ ಆದ ಕೇಸು, ಅದಕ್ಕೆ ಬಾಗಿಲ ಮುಂದೆ ಗೋಡೆಗುಂಟ ಹಾಕ್ಸಿದ್ವಿ, ಮಧ್ಯದ ಹೊಂಡದ ಕಲ್ಲುಗಳನ್ನ ಎತ್ತಿ ಮಟ್ಟ ಸರಿ ಮಾಡಿಸಿದ್ವಿ.

ಎಷ್ಟು ನೀರು ಬರುತ್ತೆ ಅನ್ನೋ ಲೆಕ್ಕ ಬಹಳ ಸುಲಭ, ಆದ್ರೂ ಯಾರೂ ಹಾಕಲ್ಲ. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ರೆ 1 ಲೀಟರ್. ನಮ್ಮ 12 ಚದರ ಮೀಟರ್ ಪ್ಯಾಟಿಯೊ ಮೇಲೆ ಗಂಟೆಗೆ 50 ಮಿ.ಮೀ. ಸುರಿದ್ರೆ, ಅದು ನಿಜಕ್ಕೂ ಧಾರಾಕಾರ ಮಳೆ, 600 ಲೀಟರ್, ಅಂದ್ರೆ ನಿಮಿಷಕ್ಕೆ 10 ಲೀಟರ್. ಇಷ್ಟನ್ನ ಈ ಚಾನೆಲ್ ಆರಾಮಾಗಿ ತಗೊಳ್ಳುತ್ತೆ, 110ರ ಪೈಪಂತೂ ಸೆಕೆಂಡಿಗೇ ಕೆಲವು ಲೀಟರ್ ಸಾಗಿಸುತ್ತೆ. ಹಾಗಾಗಿ "ಹೈ ಕೆಪ್ಯಾಸಿಟಿ" ಅಂತ ದೊಡ್ಡ ಅಕ್ಷರದಲ್ಲಿ ಬರೆದಿರೋದಕ್ಕೆ ಸಣ್ಣ ಗಾರ್ಡನ್‌ನೋರು ಮರುಳಾಗೋ ಅಗತ್ಯ ಇಲ್ಲ. ಲೆಕ್ಕ ತಲೆಕೆಳಗಾಗೋದು ಚಾವಣಿ ನೀರಿನ ಪೈಪು ಪ್ಯಾಟಿಯೊ ಮೇಲೆ ಬಾಯಿ ಬಿಟ್ಟುಕೊಂಡಿದ್ದಾಗ. 40 ಚದರ ಮೀಟರ್ ಚಾವಣಿ ಅಂದ್ರೆ ಅದೇ ಮಳೆಗೆ 2000 ಲೀಟರ್ ಹೆಚ್ಚುವರಿ! ಎಷ್ಟೋ ಜನ ಪ್ಯಾಟಿಯೊ ನೀರು ಅಂತ ಬೈಯ್ಯೋದು ನಿಜವಾಗಿ ಚಾವಣಿ ನೀರನ್ನ. ಮೊದಲು ಆ ಪೈಪನ್ನ ಬೇರೆ ಕಡೆ, ಡ್ರಮ್ಮಿಗೋ ಟ್ಯಾಂಕಿಗೋ ತಿರುಗಿಸಿ ನೋಡಿ, ಬಹುಶಃ ಕಿಟ್ ಆರ್ಡರ್ ಮಾಡೋದೇ ಬೇಕಾಗಲ್ಲ.

ಕೂರಿಸೋದು. ಹಾಳೇಲಿ ನಾಲ್ಕು ಚಿತ್ರ ಹಾಕಿ ಮುಗಿಸಿದಾರೆ, ಮುಖ್ಯವಾದ್ದೇ ಬಿಟ್ಟಿದಾರೆ. ಚಾನೆಲ್ ಕೆಳಗೆ 10 ಸೆಂ.ಮೀ. ಕಾಂಕ್ರೀಟು, ಎರಡೂ ಪಕ್ಕ ಅಷ್ಟೇ ದಪ್ಪಕ್ಕೆ ಕಾಂಕ್ರೀಟು ಬೇಕು, ಹಾಗಾಗಿ ತೋಡೋ ಕಾಲುವೆ ಚಾನೆಲ್ಲಿಗಿಂತ ಎಷ್ಟೋ ದೊಡ್ಡದಿರುತ್ತೆ, 10 ಸೆಂ.ಮೀ. ಪಟ್ಟಿ ತಾನೇ ಅಂದ್ಕೊಂಡು ಒಂದೇ ಸಾಲು ಕಲ್ಲು ಕಿತ್ರೆ ಸಾಲಲ್ಲ. ಔಟ್‌ಲೆಟ್ ಇರೋ ತುದಿಯಿಂದ ಶುರು ಮಾಡಿ ಮೇಲಕ್ಕೆ ಜೋಡಿಸ್ತಾ ಹೋಗ್ಬೇಕು. ಕಾಂಕ್ರೀಟ್ ಸುರಿಯೋವಾಗ ಜಾಲರಿ ಚಾನೆಲ್ ಮೇಲೇ ಇರ್ಲಿ, ಇದು ಬಹಳ ಮುಖ್ಯ, ಯಾಕಂದ್ರೆ ಖಾಲಿ ಪ್ಲಾಸ್ಟಿಕ್ ಗೋಡೆಗಳು ಪಕ್ಕದ ಕಾಂಕ್ರೀಟ್ ಭಾರಕ್ಕೆ ಒಳಗೆ ಬಾಗ್ತವೆ, ಗಟ್ಟಿಯಾದ ಮೇಲೆ ಜಾಲರಿ ಏನು ಮಾಡಿದ್ರೂ ಕೂರಲ್ಲ. ಜಾಲರಿ ಮೇಲೆ ಅಗಲದ ಟೇಪ್ ಅಂಟಿಸಿದ್ರೆ ಗಾರೆ ಸೀಳಿನೊಳಗೆ ಇಳಿಯಲ್ಲ. ಜಾಲರಿಯ ಮೇಲ್ಮೈ ಪಕ್ಕದ ಕಲ್ಲಿಗಿಂತ 3 ಮಿ.ಮೀ. ಕೆಳಗಿರ್ಬೇಕು, ಸಮ ಇದ್ರೂ ಸಾಲಲ್ಲ, ಕಲ್ಲು ಸ್ವಲ್ಪ ಕೂತ್ರೆ ಜಾಲರಿ ಅಂಚೇ ಕಟ್ಟೆ ಆಗಿ ನೀರನ್ನ ಹೊರಗೇ ನಿಲ್ಲಿಸುತ್ತೆ. ಚಾನೆಲ್ಲಿಗೆ ಅಂಟಿದ ಮೊದಲ ಸಾಲು ಕಲ್ಲನ್ನ ಮರಳಿನ ಮೇಲೆ ಬಿಡ್ಬೇಡಿ, ಗಾರೆಯಲ್ಲೇ ಕೂರಿಸಿ.

ಮೂರು ತುಂಡು ಸೇರೋ ಜಾಗ ಈ ಕಿಟ್‌ನ ವೀಕ್ ಪಾಯಿಂಟು. ಕ್ಲಿಪ್ ಚೆನ್ನಾಗಿ ಸಿಗಾಕೊಳ್ಳುತ್ತೆ, ಆದ್ರೆ ಅದು ನೀರು ಬಿಡದ ಜಾಯಿಂಟ್ ಅಲ್ಲ. ರಬ್ಬರ್ ಸೀಲ್ ಕೊಟ್ಟಿಲ್ಲ. "ಸಿಲಿಕೋನ್ ಹಾಕಿ" ಅಂತ ಹಾಳೇಲಿ ಒಂದು ಸಾಲು ಇದೆ, ಮಾಮೂಲಿ ಸಿಲಿಕೋನ್ ಪಾಲಿಪ್ರೊಪಿಲೀನಿಗೆ ಅಂಟೋದೇ ಇಲ್ಲ, ಒಣಗಿದ ಮೇಲೆ ಉಗುರಲ್ಲಿ ಎಳೆದ್ರೆ ಇಡೀ ಪಟ್ಟಿ ಹಾವಿನ ಪೊರೆ ಹಾಗೆ ಬಿಚ್ಚಿ ಬರುತ್ತೆ. ರಬ್ಬರಿನಂಥ ಅಂಟಿರೋ ಬ್ಯುಟೈಲ್ ಟೇಪ್ ಹಾಕ್ಸಿದ್ಮೇಲೆ ಸರಿ ಹೋಯ್ತು. ಗೋಡೆಗುಂಟ ಹಾಕೋ ಚಾನೆಲ್ಲಿನ ಜಾಯಿಂಟ್ ಸೋರಿದ್ರೆ ನೀರನ್ನ ನಾವೇ ಪಾಯಕ್ಕೆ ಹನಿ ಹನಿ ಹಾಕಿದ ಹಾಗೆ, ಇದಕ್ಕೆ ನಾನು ಅರ್ಧ ಸ್ಟಾರ್ ಕಟ್ ಮಾಡಿದೀನಿ. ಉದ್ದ ಹೆಚ್ಚಾಗಿ ಜಾಲರಿ ಗ್ರೈಂಡರ್‌ನಲ್ಲಿ ಕತ್ತರಿಸಿದ್ರೆ ಆ ಅಂಚಿನ ಸತುವಿನ ಲೇಪ ಹೋಗಿರುತ್ತೆ, ಜಿಂಕ್ ಸ್ಪ್ರೇ ಹೊಡೀದಿದ್ರೆ ತುಕ್ಕು ಅಲ್ಲಿಂದಲೇ ಶುರು.

ಚಾನೆಲ್ಲಿನ ತಳ ಸಪಾಟಾಗಿದೆ, ಒಳಗೇ ವಾಟ ಕೊಟ್ಟು ಮಾಡಿರೋ ಮಾಡೆಲ್‌ಗಳೂ ಬರ್ತವೆ, ಇದು ಅದಲ್ಲ. ಹಾಗಾಗಿ ಕೂರಿಸೋವಾಗಲೇ ಔಟ್‌ಲೆಟ್ ಕಡೆಗೆ ಒಂಚೂರು ಇಳಿಸ್ಬೇಕು. ಸಪಾಟಾಗಿ ಕೂರಿಸಿದ್ರೂ ನೀರು ಹೋಗುತ್ತೆ ನಿಜ, ಹಿಂದಿನ ನೀರು ಮುಂದಿನದ್ದನ್ನ ತಳ್ಳುತ್ತೆ, ಆದ್ರೆ ಮಳೆ ನಿಂತ ಮೇಲೆ ತಳದಲ್ಲಿ ಉಳಿದ ಬೆರಳಷ್ಟು ನೀರಲ್ಲಿ ಮಣ್ಣು ಕೂತು ಕೆಸರಾಗುತ್ತೆ.

ಇನ್ನು ನಾನು ಶುರುವಲ್ಲೇ ಗೊಣಗಿದ ವಿಷಯ, ನೀರು ಹೋಗೋದೆಲ್ಲಿಗೆ. ಸಾಮಾನ್ಯವಾಗಿ ಸಿಗೋ ಉತ್ತರ ಇಂಗುಗುಂಡಿ. ಸರಿ, ಆದ್ರೆ ಇಂಗುಗುಂಡಿ ಮನೆ ಪಾಯದಿಂದ 5 ಮೀಟರ್ ದೂರ ಇರ್ಬೇಕು ಅನ್ನೋದು ಎಲ್ಲ ಕಡೆ ಹೇಳೋ ಲೆಕ್ಕ, ಇಲ್ದಿದ್ರೆ ಪಾಯದ ಕೆಳಗಿನ ಮಣ್ಣು ನೆನೆದು ಸಡಿಲ ಆಗುತ್ತೆ. ಸಣ್ಣ ಗಾರ್ಡನ್‌ನಲ್ಲಿ ಮನೆಯಿಂದ 5 ಮೀಟರ್ ಅಳೆದ್ರೆ ಟೇಪು ಕಾಂಪೌಂಡ್ ದಾಟಿ ಪಕ್ಕದ ಮನೆಯವರ ಗಿಡದ ಮೇಲಿರುತ್ತೆ. ಅವರ ಪಾಯನೂ ಪಾಯನೇ ಅಲ್ವಾ. ನಮಗೆ ಒಂದು ಮೂಲೆ ಹೇಗೋ ಸಿಕ್ತು, ಎಲ್ಲರಿಗೂ ಸಿಗಲ್ಲ.

ಜಾಗ ಸಿಕ್ಕಿದ್ರೂ ಮಣ್ಣು ನೀರು ಕುಡೀಬೇಕು. ಇದನ್ನ ಪರೀಕ್ಷೆ ಮಾಡೋಕೆ ಕಾಸು ಖರ್ಚಿಲ್ಲ: ಇಂಗುಗುಂಡಿಯ ತಳ ಎಲ್ಲಿ ಬರುತ್ತೋ ಆ ಆಳಕ್ಕೆ ಇಳಿದು, ಅಲ್ಲಿ 30 ಸೆಂ.ಮೀ. ಉದ್ದ ಅಗಲ ಆಳದ ಸಣ್ಣ ಗುಣಿ ತೋಡಿ ನೀರು ತುಂಬಿ, ಒಂದು ರಾತ್ರಿ ಬಿಟ್ಟು ಮಣ್ಣು ಚೆನ್ನಾಗಿ ನೆನೆದ ಮೇಲೆ ಮತ್ತೆ ತುಂಬಿ, ಮುಕ್ಕಾಲು ಮಟ್ಟದಿಂದ ಕಾಲು ಮಟ್ಟಕ್ಕೆ ಇಳಿಯೋಕೆ ಎಷ್ಟು ಹೊತ್ತು ಬೇಕು ನೋಡಿ. ಮೊದಲ ಸಲ ತುಂಬಿದ್ದನ್ನ ಲೆಕ್ಕಕ್ಕೆ ಹಿಡೀಬೇಡಿ, ಒಣ ಮಣ್ಣು ಮೊದಲು ಗಟಗಟ ಕುಡಿದುಬಿಡುತ್ತೆ, ಮಳೆಗಾಲದ ಮಧ್ಯೆ ಹಾಗಿರಲ್ಲ. ಮರಳು ಮಿಶ್ರಿತ ಮಣ್ಣಲ್ಲಿ ನೋಡ್ತಾ ನೋಡ್ತಾ ಇಳಿಯುತ್ತೆ, ಜೇಡಿಮಣ್ಣಲ್ಲಿ ಮಾರನೇ ದಿನವೂ ಅಲ್ಲೇ ಇರುತ್ತೆ. ಜೇಡಿಮಣ್ಣಾದ್ರೆ ಇಂಗುಗುಂಡಿ ಆಸೆ ಬಿಡಿ, ಅದು ಬರೀ ಮುಚ್ಚಿಟ್ಟ ನೀರಿನ ತೊಟ್ಟಿ ಆಗುತ್ತೆ.

ಗುಂಡಿ ಎಷ್ಟು ದೊಡ್ಡದು ಅನ್ನೋದ್ರಲ್ಲೂ ಜನ ಏಮಾರ್ತಾರೆ. ಒಂದು ಘನ ಮೀಟರ್ ಗುಂಡಿ ತೋಡಿ ಜಲ್ಲಿ ತುಂಬಿದ್ರೆ ಅದರಲ್ಲಿ ನೀರಿಗೆ ಸಿಗೋ ಜಾಗ ಮೂರನೇ ಒಂದು ಭಾಗ ಅಷ್ಟೇ, ಹತ್ತಿರ ಹತ್ತಿರ 350 ಲೀಟರ್, ಉಳಿದಿದ್ದೆಲ್ಲ ಕಲ್ಲೇ. ನಮ್ಮ 600 ಲೀಟರ್ ಲೆಕ್ಕಕ್ಕೆ ಅದು ಸಾಲಲ್ಲ. ಜಲ್ಲಿ ಬದಲು ಗುಂಡಿಲಿ ಹೂಳೋ ಪ್ಲಾಸ್ಟಿಕ್ ಕ್ರೇಟ್ ಬರ್ತವಲ್ಲ, ಅವುಗಳಲ್ಲಿ 95 ಪರ್ಸೆಂಟ್ ಖಾಲಿ ಜಾಗ, 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 40 ಸೆಂ.ಮೀ. ಎತ್ತರದ ಒಂದು ಕ್ರೇಟ್ ಸುಮಾರು 190 ಲೀಟರ್ ಹಿಡಿಯುತ್ತೆ, ಮೂರು ಇಟ್ರೆ 570, ಮಳೆ ಸುರಿಯೋ ಹೊತ್ತಲ್ಲೇ ಒಂದಿಷ್ಟು ಇಂಗೋದ್ರಿಂದ ನಮಗೆ ಸಾಕಾಯ್ತು, ತೋಡೋ ಕೆಲಸನೂ ಕಮ್ಮಿ. ಜಲ್ಲಿ ಆಗ್ಲಿ ಕ್ರೇಟ್ ಆಗ್ಲಿ, ಸುತ್ತ ನೀರು ಬಿಟ್ಟು ಮಣ್ಣು ತಡೆಯೋ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಲೇಬೇಕು, ಇಲ್ದಿದ್ರೆ ಮಣ್ಣು ಒಳಗೆ ನುಗ್ಗಿ ಕೆಲವೇ ವರ್ಷದಲ್ಲಿ ಗುಂಡಿ ತುಂಬಿಹೋಗುತ್ತೆ. ತುಂಬಿದ ಗುಂಡಿ ಒಂದು ದಿನದೊಳಗೆ ಅರ್ಧ ಖಾಲಿ ಆಗ್ಬೇಕು, ಮಾರನೇ ದಿನದ ಮಳೆಗೆ ಜಾಗ ಇರ್ಬೇಕಲ್ಲ. ಕ್ರೇಟು, ಬಟ್ಟೆ, ಪೈಪು, ಬೆಂಡು ಇದ್ಯಾವುದೂ ಕಿಟ್‌ನಲ್ಲಿ ಬರಲ್ಲ, "ಕಂಪ್ಲೀಟ್ ಕಿಟ್" ಅಂತ ಹೆಸರಿಟ್ಟಿದಾರೆ ಬೇರೆ. ಇದಕ್ಕೆ ಇನ್ನೊಂದು ಪೂರ್ತಿ ಸ್ಟಾರ್ ಹೋಯ್ತು.

ಮಣ್ಣೂ ಒಪ್ಪಲಿಲ್ಲ, ಜಾಗನೂ ಇಲ್ಲ ಅನ್ನೋರು ಮಳೆನೀರು ಚರಂಡಿಗೆ ಸೇರಿಸೋಕೆ ಅನುಮತಿ ಸಿಗುತ್ತಾ ವಿಚಾರಿಸ್ಬೇಕು, ಅಥವಾ ನೆಲದೊಳಗೆ ಟ್ಯಾಂಕ್ ಇಟ್ಟು ಪಂಪ್ ಮಾಡ್ಬೇಕು. ಟಾಯ್ಲೆಟ್ ಲೈನಿಗೆ ಮಾತ್ರ ಸೇರಿಸ್ಬೇಡಿ, ಜೋರು ಮಳೇಲಿ ಅದೇ ಲೈನು ಉಕ್ಕಿ ವಾಪಸ್ ಬಂದಾಗ ಬರೋದು ಬರೀ ಮಳೆನೀರಾಗಿರಲ್ಲ.

ಕೆಲಸ ಮುಗಿದ ಮೇಲೆ ಬಂದ ಮೊದಲ ದೊಡ್ಡ ಮಳೇಲಿ ಕೊಡೆ ಹಿಡ್ಕೊಂಡು ಜಾಲರಿ ಹತ್ರ ಕೂತು ನೋಡ್ದೆ. ಕಲ್ಲಿನ ಮೇಲೆ ತೆಳ್ಳಗೆ ಹಾಳೆ ಥರ ಜಾರಿ ಬಂದ ನೀರು ಜಾಲರಿ ಅಂಚಲ್ಲಿ ಒಂದು ಗಳಿಗೆ ತಡೆದು, ಅಂಚು ಮಡಿಚಿಕೊಂಡು ಸೀಳಿನೊಳಗೆ ಇಳೀತಿತ್ತು, ಮಳೆ ಜೋರಾದಾಗ ಒಂದಿಷ್ಟು ನೀರು ಸೀಳು ದಾಟಿ ಆಚೆ ಹಾರ್ತಿತ್ತು, ಬಾಗಿಲ ತನಕ ಬರ್ಲಿಲ್ಲ. ಒಂದೇ ಒಂದು ಅಗಲದ ಎಲೆ ಬಂದು ಮಧ್ಯದ ಜಾಲರಿ ಮೇಲೆ ಅಂಟಿಕೊಂಡ ತಕ್ಷಣ ಅಷ್ಟು ಉದ್ದಕ್ಕೆ ನೀರು ಒಳಗೆ ಹೋಗೋದು ನಿಂತೇ ಹೋಯ್ತು, ಎಲೆ ಸುತ್ತ ಬಳಸಿ ಪಕ್ಕಕ್ಕೆ ಹರೀತು. ಮರದ ಕೆಳಗೆ ಪ್ಯಾಟಿಯೊ ಇರೋರು ಇದನ್ನ ತಲೆಲಿಟ್ಟುಕೊಳ್ಳಿ. ಮಳೆ ಬರೋ ತನಕ ಕಾಯೋಕೆ ಆಗಲ್ಲ ಅಂದ್ರೆ ಗಾರ್ಡನ್ ಪೈಪಲ್ಲೇ ಟೆಸ್ಟ್ ಮಾಡ್ಬಹುದು, 10 ಲೀಟರ್ ಬಕೆಟ್ ಒಂದು ನಿಮಿಷದಲ್ಲಿ ತುಂಬೋ ಹಾಗೆ ನಲ್ಲಿ ತಿರುಗಿಸಿ ಪ್ಯಾಟಿಯೊದ ಎತ್ತರದ ಕಡೆ ಪೈಪ್ ಬಿಟ್ರೆ ನಮ್ಮ ಅಳತೆಗೆ ಅದೇ ಧಾರಾಕಾರ ಮಳೆ. ಕಾಂಕ್ರೀಟ್ ಹಾಕೋ ಮುಂಚೆನೇ ಮಾಡಿದ್ರೆ ಇನ್ನೂ ಒಳ್ಳೇದು.

ಮೇಂಟೆನೆನ್ಸ್ ಅಂದ್ರೆ ಜಾಲರಿ ಎತ್ತಿ ಕೈಯಲ್ಲೋ ಸಣ್ಣ ಕರಣೆಯಲ್ಲೋ ಕೆಸರು ಬಳಿಯೋದು, ಸಂಪ್ ಬಕೆಟ್ ಎತ್ತಿ ಗಿಡಕ್ಕೆ ಸುರಿಯೋದು. ಬಕೆಟ್ ಹಿಡಿ ತೀರಾ ತೆಳು, ಹೂಳು ತುಂಬಿದಾಗ ಎತ್ತಿದ್ರೆ ಬಿಲ್ಲಿನ ಹಾಗೆ ಬಾಗುತ್ತೆ. ಸಂಪ್‌ನ ಔಟ್‌ಲೆಟ್ ಪಕ್ಕದಲ್ಲಿರೋದ್ರಿಂದ ತಳದಲ್ಲಿ ಯಾವಾಗ್ಲೂ ಒಂದಿಷ್ಟು ನೀರು ನಿಂತೇ ಇರುತ್ತೆ, ಹೂಳು ಕೂರೋಕೆ ಅದು ಬೇಕು ಕೂಡ, ಆದ್ರೆ ಬೆಚ್ಚಗಿನ ಹವೇಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರೋಕೆ 7ರಿಂದ 10 ದಿನ ಸಾಕು. ಮಳೆ ಇಲ್ಲದ ದಿನಗಳಲ್ಲಿ ವಾರಕ್ಕೊಂದ್ಸಲ ಬಕೆಟ್ ತೆಗೆದು ತಳದ ನೀರನ್ನ ಮಗ್‌ನಲ್ಲಿ ಎತ್ತಿ ಚೆಲ್ಲಿಬಿಡಿ, ಇಲ್ಲಾ ಸಂಪ್ ಬಾಯಿಗೆ ಸಣ್ಣ ಕಣ್ಣಿನ ಮೆಶ್ ಬಿಗೀರಿ. ಸಂಪ್ ಬೇಡ ಅನ್ನೋರು ಚಾನೆಲ್ ತಳದಲ್ಲೇ ಗುರುತು ಮಾಡಿರೋ ದುಂಡಗಿನ ಜಾಗ ಕೊರೆದು ನೇರ ಕೆಳಕ್ಕೆ ಪೈಪ್ ಕೊಡ್ಬಹುದು, ಆಗ ನೀರು ನಿಲ್ಲಲ್ಲ, ಆದ್ರೆ ಹೂಳು ಸೀದಾ ಇಂಗುಗುಂಡಿಗೆ ಹೋಗುತ್ತೆ, ಅದನ್ನ ಅಗೆದು ತೆಗೆಯೋದಕ್ಕಿಂತ ವಾರಕ್ಕೊಂದ್ಸಲ ಬಕೆಟ್ ಎತ್ತೋದು ಎಷ್ಟೋ ವಾಸಿ.

ತಗೋಬಹುದಾ ಅಂದ್ರೆ, ಬಾಗಿಲ ಮುಂದೆ ನೀರು ನಿಲ್ಲೋ, ಸುತ್ತ ಗೋಡೆ ಇರೋ ಪ್ಯಾಟಿಯೊಗೆ ಹೂಂ ತಗೊಳ್ಳಿ. ಒಂದು ಅಂಚಾದ್ರೂ ಮಣ್ಣಿಗೆ ತೆರೆದಿದ್ರೆ ನಾನಾದ್ರೆ ಆ ಅಂಚಿನಾಚೆ ಸ್ವಲ್ಪ ಜಾಗ ಬಿಟ್ಟು, 15-20 ಸೆಂ.ಮೀ. ತಗ್ಗು ಮಾಡಿ, ಮಣ್ಣಿಗೆ ಮರಳು ಗೊಬ್ಬರ ಬೆರೆಸಿ, ನೆನೆದ್ರೂ ಒಣಗಿದ್ರೂ ತಡೆಯೋ ಗಿಡ ಹಾಕಿ ನೀರನ್ನ ಅಲ್ಲಿಗೇ ಬಿಡ್ತೀನಿ, ನಿಂತ ನೀರು ಒಂದೆರಡು ದಿನದಲ್ಲಿ ಇಂಗಿದ್ರೆ ಆಯ್ತು. ಕಿಟ್ಟೇ ಬೇಕು ಅನ್ನೋರು ಆರ್ಡರ್ ಮಾಡೋವಾಗಲೇ ಒಂದು ಜಾಲರಿ ಎಕ್ಸ್‌ಟ್ರಾ ತಗೊಂಡಿರಿ, ನಾನು ಎರಡು ಬೇರೆ ಕಂಪನಿ ಜಾಲರಿ ಇಟ್ಟು ನೋಡಿದೆ, ಅಗಲ ಒಂದೇ ಇದ್ರೂ ಲಾಕ್ ಮೂತಿ ಕೂರೋ ಜಾಗ ಹೊಂದಲಿಲ್ಲ, ಬಿಡಿ ಜಾಲರಿ ಸಿಗುತ್ತಾ ಅಂತ ಕಿಟ್‌ನೋರಿಗೆ ಮೇಲ್ ಹಾಕಿ ಇನ್ನೂ ಕಾಯ್ತಾ ಇದೀನಿ.